ಹನ್ನೊಂದು ಮೊಳ

“ಗುರುಗಳೇ, ಲೆಕ್ಕ ಸರಿಯಾಗಿದ್ದರೆ ಸಾಲದೆ? ಅದನ್ನು ಹೇಳುವುದನ್ನೂ ಬೇರೆ ಕಲಿಯಬೇಕೆ?”

ಕೇಳಿದವನು ಸುಹಾಸ. ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿದ್ದ. ದತ್ತಾಂಶ ವಿಜ್ಞಾನ ಮತ್ತು ಸಂವಹನ ಎರಡನ್ನೂ ಸೇರಿಸಿ ಕಲಿಸುವ ಸ್ನಾತಕೋತ್ತರ ತರಗತಿಯಲ್ಲಿ ಅವನಿಗೆ ಸೀಟು ಸಿಕ್ಕಿತ್ತು. ಹನ್ನೆರಡು ಪತ್ರಿಕೆಗಳಲ್ಲಿ ನಾಲ್ಕು ಸಂವಹನದವು. ಆ ನಾಲ್ಕು ದಂಡ ಎಂದು ಅವನ ಅಭಿಪ್ರಾಯ. ಸೇರುವುದೋ ಬಿಡುವುದೋ ಎಂದು ನಾಳೆಯೊಳಗೆ ತಿಳಿಸಬೇಕಿತ್ತು.

ಅವನಿಗೆ ಲೆಕ್ಕ ಕಲಿಸಿದ ಹೊನ್ನಪ್ಪ ಮೇಷ್ಟ್ರು ಅವರೇಕಾಯಿ ಸುಲಿಯುತ್ತಾ ಕೂತಿದ್ದರು.

“ಅಯ್ಯಾ ಪುಣ್ಯಾತ್ಮ, ಬಂದವನು ಮೊದಲು ಕೂತುಕೋ. ನೀನೂ ನಾಲ್ಕು ಸುಲಿ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತಲ್ಲ” ಎಂದು ಶುರು ಮಾಡಿದರು.

ಒಂದು ಹೊಳೆ. ಹೊಳೆಯ ಮೇಲ್ಭಾಗದಲ್ಲಿ ಒಂದು ಗುರುತಿನ ಕಲ್ಲು. ಅದನ್ನು ಕಾಯುವುದಕ್ಕೆ ಒಬ್ಬ ಅಳತೆಗಾರ. ನೀರು ಎಷ್ಟು ಮೊಳ ಏರಿದೆ ಎಂದು ದಿನಾ ಬೆಳಿಗ್ಗೆ ನೋಡಿ, ಚೀಟಿ ಬರೆದು, ಕುದುರೆಯವನ ಕೈಯಲ್ಲಿ ಕೆಳಗಿನ ಊರಿಗೆ ಕಳಿಸುವುದು ಅವನ ಕೆಲಸ. ಊರಿನಲ್ಲಿ ಡಂಗುರದವನು ಅದನ್ನು ಸಾರುತ್ತಿದ್ದ. ಆರು ಮೊಳ. ಏಳು ಮೊಳ. ಜನ ಕೇಳಿಸಿಕೊಂಡು ತಮ್ಮ ಪಾಡಿಗೆ ತಾವಿರುತ್ತಿದ್ದರು.

ಅಳತೆಗಾರ ಬಲು ಶಿಸ್ತಿನ ಮನುಷ್ಯ, ನಿನ್ನ ಹಾಗೆ. ತಾತನ ಕಾಲದ ಓಲೆಗಳನ್ನೆಲ್ಲ ತೆಗೆದು ತಾಳೆ ನೋಡಿದ್ದ. ಕಲ್ಲಿನಲ್ಲಿ ಹತ್ತು ಮೊಳ ದಾಟಿದರೆ ಅರ್ಧ ದಿನದಲ್ಲಿ ನೇಕಾರರ ಬೀದಿಗೆ ನೀರು ನುಗ್ಗುತ್ತದೆ ಎಂದು ಕಂಡುಕೊಂಡಿದ್ದ. ಹಾಗಾದದ್ದನ್ನು ಕಣ್ಣಾರೆ ಕಂಡವರು ಊರಿನಲ್ಲಿ ಯಾರೂ ಬದುಕಿರಲಿಲ್ಲ. ಅವನ ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಭೇಷ್ ಎನ್ನಬೇಕು.

ಒಂದು ಬೆಳಿಗ್ಗೆ ನೀರು ಹನ್ನೊಂದು ಮೊಳಕ್ಕೆ ಬಂದಿತ್ತು. ಅವನು ಚೀಟಿಯಲ್ಲಿ ‘ಹನ್ನೊಂದು ಮೊಳ’ ಎಂದು ಬರೆದುಕೊಟ್ಟ. ಆಮೇಲೆ ಹೊರಟ ಕುದುರೆಯ ಲಗಾಮು ಹಿಡಿದು ನಿಲ್ಲಿಸಿದ.

“ನೇಕಾರರ ಬೀದಿಯಲ್ಲಿ ನನ್ನ ಮಗಳಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲು ಮುಳುಗುತ್ತದೆ, ಮಗು ಎತ್ತಿಕೊಂಡು ಗುಡ್ಡ ಹತ್ತು, ಸಾಮಾನಿನ ಆಸೆ ಮಾಡಬೇಡ ಅಂತ ಅವಳಿಗೆ ಹೇಳು.”

ಊರಿನಲ್ಲಿ ಡಂಗುರವಾಯಿತು. ಹನ್ನೊಂದು ಮೊಳ! ಹೋದ ವರ್ಷ ಒಂಬತ್ತು ಎಂದು ಸಾರಿದಾಗ ನೀರು ಹೊಳೆಯ ಮೆಟ್ಟಿಲನ್ನೂ ದಾಟಿರಲಿಲ್ಲ. ಇದೂ ಹಾಗೇ ಎಂದುಕೊಂಡರು ಜನ.

ಮಗಳು ಮಗುವನ್ನು ಎತ್ತಿಕೊಂಡು ಹೊರಟಳು. ಪಕ್ಕದ ಮನೆಯ ನೇಕಾರ್ತಿ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆಯ ಸೆರಗು ನೇಯುತ್ತಿದ್ದಳು. ಹೆತ್ತ ತಾಯಿಯಿಲ್ಲದ ಈ ಹುಡುಗಿಗೆ ಬಾಣಂತನ ಮಾಡಿದವಳು ಅವಳೇ. ಅಪ್ಪ ಹೇಳಿ ಕಳಿಸಿದ್ದಾನೆ, ಮನೆ ಮುಳುಗುತ್ತದಂತೆ, ಏಳಕ್ಕಾ ಎಂದು ಮಗಳು ಕೈ ಹಿಡಿದು ಎಳೆದಳು.

ನೇಕಾರ್ತಿ ನಕ್ಕಳು. “ಹೋಗೇ ಮಾರಾಯ್ತಿ. ನಿಮ್ಮಪ್ಪನಿಗೆ ನಿನ್ನ ಮೇಲೆ ಅತಿ ಮುದ್ದು. ಮನೆ ಮುಳುಗೋದು ನಿಜವಾಗಿದ್ದರೆ ಊರಿಗೆಲ್ಲ ಸಾರಿಸುತ್ತಿರಲಿಲ್ಲವೇ? ಸೆರಗು ಇನ್ನೊಂದು ಗೇಣು ಉಳಿದಿದೆ, ಮುಗಿಸಿ ಬರುತ್ತೇನೆ ನಡಿ.”

ಬರಲಿಲ್ಲ. ಆ ಬೀದಿಯಲ್ಲಿ ಹದಿನೇಳು ಜನ ನೀರುಪಾಲಾದರು.

ನೀರು ಇಳಿದ ಮೇಲೆ ಅಳತೆಗಾರ ಗುಡ್ಡಕ್ಕೆ ಬಂದ. ಮೊಮ್ಮಗುವನ್ನು ಎತ್ತಿಕೊಂಡು ಅತ್ತ. ಮಗಳು ಅಳಲಿಲ್ಲ.

“ಅಪ್ಪಾ, ನನಗೊಂದು ಮಾತು, ಊರಿಗೊಂದು ಮಾತು ಯಾಕೆ ಹೇಳಿ ಕಳಿಸಿದೆ?”

“ಎರಡೂ ಒಂದೇ ಅಲ್ಲವೇನಮ್ಮ? ಹನ್ನೊಂದು ಅಂದರೆ ಅದೇ. ನಾನು ಊರಿನಿಂದ ಏನನ್ನೂ ಮುಚ್ಚಿಡಲಿಲ್ಲ.”

ಮಗಳು ಅವನ ಕೈಯಿಂದ ಮಗುವನ್ನು ವಾಪಸು ತೆಗೆದುಕೊಂಡಳು.

ಮೇಷ್ಟ್ರು ಕತೆ ನಿಲ್ಲಿಸಿ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. ಸುಹಾಸನಿಗೆ ತಡೆಯಲಾಗಲಿಲ್ಲ.

“ಆದರೆ ಗುರುಗಳೇ, ಅವನಿಗೆ ಹೇಳುವುದಕ್ಕೂ ಬರುತ್ತಿತ್ತಲ್ಲ! ಮಗಳಿಗೆ ಎಷ್ಟು ಚೆನ್ನಾಗಿ ಹೇಳಿ ಕಳಿಸಿದ. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.”

“ಮಗಳಿಗೆ ಹೇಳುವುದನ್ನು ಯಾರೂ ಕಲಿಸಬೇಕಾಗಿಲ್ಲ ಕಣೋ, ಆ ನಾಲ್ಕು ಪತ್ರಿಕೆ ಇರುವುದು ಪಕ್ಕದ ಮನೆಯವಳಿಗೆ ಹೇಳುವುದಕ್ಕೆ.”