ಕಟ್ಟೆಯ ಮೇಲಿನ ಕೊಡ

“ಮೇಷ್ಟ್ರೇ, ಒಬ್ಬ ನಿಧಾನಸ್ಥನಿಗಾಗಿ ಎಲ್ಲರೂ ಎಚ್ಚರವಾಗಿರಬೇಕು ಅನ್ನೋದು ಯಾವ ನ್ಯಾಯ?”

ನಾಗವೇಣಿ ಹೀಗೆ ಕೇಳಿದಾಗ ತಿಪ್ಪೇಸ್ವಾಮಿ ಮೇಷ್ಟ್ರು ಮಜ್ಜಿಗೆ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು, ಯಾರಮ್ಮ ಆ ನಿಧಾನಸ್ಥ ಎಂದು ವಿಚಾರಿಸಿದರು.

ಆಕೆ ಹೇಳಿಕೊಂಡಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ತೊಟ್ಟಿಲೊಂದನ್ನು ಅವಳು ದುಡಿಯುವ ಕಾರ್ಯಾಗಾರದಲ್ಲಿ ಕಟ್ಟುತ್ತಿದ್ದರು. ತೊಟ್ಟಿಲ ಯಂತ್ರದ ಭಾಗಗಳೆಲ್ಲ ಒಂದೇ ದಾರಿಯಲ್ಲಿ ಮಾತಾಡಿಕೊಳ್ಳುತ್ತವೆ. ಆ ದಾರಿಗೆ ಬಸ್ ಎಂದು ಹೆಸರು, ಅದನ್ನು ನಡೆಸುವುದು ಕಂಟ್ರೋಲರ್. ಕಂಟ್ರೋಲರ್ ಯಾವಾಗ ಓಡಬೇಕು, ಯಾವಾಗ ನಡೆಯಬೇಕು, ಯಾವಾಗ ಮಲಗಬೇಕು ಎಂದು ಹೇಳುವ ಡ್ರೈವರ್ ಎಂಬ ತಂತ್ರಾಂಶ ಬರೆಯುವುದು ನಾಗವೇಣಿಯ ಕೆಲಸ. ಕೆಲಸವಿದ್ದ ಭಾಗ ಕೈ ಎತ್ತುತ್ತದೆ, ಮುಗಿದ ಮೇಲೆ ಇಳಿಸುತ್ತದೆ. ಎಲ್ಲ ಕೈಗಳೂ ಇಳಿದರೆ ಕಂಟ್ರೋಲರಿಗೆ ನಿದ್ದೆ.

ಕೂಸಿನ ಚರ್ಮಕ್ಕೆ ಅಂಟಿಸುವ, ನಿಧಾನವಾಗಿ ಉತ್ತರ ಕೊಡುವ ಪುಟ್ಟ ಉಷ್ಣಮಾಪಕವೊಂದು ಮಾತ್ರ ಎತ್ತಿದ ಕೈ ಇಳಿಸುತ್ತಲೇ ಇರಲಿಲ್ಲ. ಅದರಿಂದಾಗಿ ಕರೆಂಟು ಹೋದಾಗ ಎಂಟು ಗಂಟೆ ಬಾಳಬೇಕಾದ ಬ್ಯಾಟರಿ ನಾಲ್ಕೇ ಗಂಟೆಯಲ್ಲಿ ಬರಿದಾಗುತ್ತಿತ್ತು. ನಾಗವೇಣಿ ರೋಸಿಹೋಗಿ ಒಂದು ಸಾಲು ಬರೆದಳು: ಎರಡು ಮಿಲಿಸೆಕೆಂಡು ಯಾರೂ ಮಾತಾಡದಿದ್ದರೆ, ಯಾರ ಕೈ ಎತ್ತಿದ್ದರೂ ಸರಿ, ಮಲಗಿಬಿಡು. ಬ್ಯಾಟರಿ ಎಂಟು ಗಂಟೆ ಬಂತು. ಎಲ್ಲರೂ ಬೆನ್ನು ತಟ್ಟಿದರು. ಆದರೆ ಉಷ್ಣಮಾಪಕ ಆಗಾಗ ಸುಮ್ಮನಾಗತೊಡಗಿತು. ತೊಟ್ಟಿಲು ನಾಳೆ ಆಸ್ಪತ್ರೆಗೆ ಹೋಗಬೇಕು. ಅದೊಂದನ್ನು ಭಾಗಗಳ ಪಟ್ಟಿಯಿಂದ ತೆಗೆದುಹಾಕಿ, ತೊಟ್ಟಿಲ ಗಾಳಿಯ ಬಿಸಿಯನ್ನಷ್ಟೇ ನೋಡಿಕೊಂಡರೆ ಸಾಲದೇ ಎಂಬುದು ಅವಳ ಪ್ರಶ್ನೆ. ಕೇಳುವಾಗ ದನಿ ಗಟ್ಟಿಯಾಗಿತ್ತು, ಒಳಗೆ ಮಾತ್ರ ಅಳುಕಿತ್ತು.

ಮೇಷ್ಟ್ರು ನಕ್ಕು, ನಿನ್ನ ಯಂತ್ರದ ವಿಚಾರ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ನನಗೆ ಗೊತ್ತಿರುವುದು ಕತೆ ಎಂದರು. ಹಾಗೆಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬನು ಕಪಿಲೆ ಹೊಡೆಯುತ್ತಿದ್ದನು. ಅವನ ಜೋಡೆತ್ತುಗಳು ಹಗ್ಗ ಎಳೆದರೆ ಬಾವಿಯಿಂದ ನೀರು ಮೇಲೆ ಬಂದು ಕಲ್ಲುದೋಣಿಗೆ ಬೀಳುತ್ತಿತ್ತು. ಊರವರು ಅಲ್ಲಿ ಕೊಡ ಹಿಡಿಯುತ್ತಿದ್ದರು, ಮಿಕ್ಕ ನೀರು ಹೊಲಕ್ಕೆ ಹರಿಯುತ್ತಿತ್ತು. ನೀರು ಬೇಕಾದವರು ತಮ್ಮ ಕೊಡವನ್ನು ಕಟ್ಟೆಯ ಮೇಲಿಡಬೇಕು, ತುಂಬಿದ ಮೇಲೆ ಹೊತ್ತುಕೊಂಡು ಹೋಗಬೇಕು. ಅವಸರವಿದ್ದವರು ಕೊಡದ ಬಾಯಿಗೆ ಬೇವಿನ ಸೊಪ್ಪು ಸಿಕ್ಕಿಸಬೇಕು. ಸೊಪ್ಪಿನ ಕೊಡ ಒಂದಿದ್ದರೂ ಎತ್ತುಗಳು ಬಿರುಸಾಗಿ ನಡೆಯಬೇಕು. ಬರಿಯ ಕೊಡ ಒಂದಿದ್ದರೂ ನೊಗ ಇಳಿಸುವಂತಿಲ್ಲ. ಒಬ್ಬರ ಕೊಡವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಇದು ಆ ಊರಿನ ಕಟ್ಟಳೆ.

ಒಬ್ಬ ಮುದುಕಿಯ ಕೊಡ ಮಾತ್ರ ಬೆಳಗಿನಿಂದ ಬೈಗಿನವರೆಗೆ ಕಟ್ಟೆಯ ಮೇಲೆಯೇ ಇರುತ್ತಿತ್ತು. ಎತ್ತುಗಳು ಬಡವಾದವು, ಹೆಗಲು ಹುಣ್ಣಾಯಿತು. ಅವನಿಗೆ ಮಕ್ಕಳಿರಲಿಲ್ಲ, ಎತ್ತುಗಳೇ ಮಕ್ಕಳು. ಹುಣ್ಣಿಗೆ ಎಣ್ಣೆ ಹಚ್ಚುವಾಗ ಅವನ ಕಣ್ಣಲ್ಲಿ ನೀರು ಬರುತ್ತಿತ್ತು.

ಕೊನೆಗೆ ಅವನು ಒಂದು ತೀರ್ಮಾನ ಮಾಡಿದನು. ಒಂದು ಸಲ ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಕಾಯುವುದು. ಅಷ್ಟರಲ್ಲಿ ಯಾರೂ ಬಾರದಿದ್ದರೆ, ಕಟ್ಟೆಯ ಮೇಲೆ ಯಾವ ಕೊಡವಿದ್ದರೂ ಸರಿ, ನೊಗ ಇಳಿಸಿ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗುವುದು. ಹಾಗೆಯೇ ಮಾಡಿದನು. ಎತ್ತುಗಳು ಮೈದುಂಬಿಕೊಂಡವು. ಊರವರು ಹೊಗಳಿದರು. ಮುದುಕಿಯೂ ಏನೂ ಅನ್ನಲಿಲ್ಲ.

ಒಂದು ದಿನ ನೋಡಿದರೆ ಆ ಕೊಡದ ಬಾಯಿಗೆ ಜೇಡ ಬಲೆ ಕಟ್ಟಿತ್ತು. ನೀರೇ ಬೇಡದವಳ ಕೊಡ ಇಲ್ಲೇಕೆ ಎಂದು ಅವನಿಗೆ ಸಿಟ್ಟು ಬಂತು. ಕಟ್ಟಳೆ ಮುರಿದು ಕೊಡವನ್ನು ಕೈಯಲ್ಲಿ ಹಿಡಿದು ಅವಳ ಮನೆಗೆ ಹೋದನು.

ಆ ಮುದುಕಿ ಊರಿನ ಸೂಲಗಿತ್ತಿ. ಬಾಗಿಲಲ್ಲಿ ಕಾಲು ನೀಡಿ ಕುಳಿತು, ಮೊಣಕಾಲ ಮೇಲೆ ಯಾರದೋ ಹಸುಗೂಸನ್ನು ಮಲಗಿಸಿಕೊಂಡಿದ್ದಳು. ಪಕ್ಕದಲ್ಲಿ ಒಂದೇ ಚೆಂಬು ನೀರು. ಕೂಸಿಗೆ ನೀರು ಹುಯ್ಯುವ ಬದಲು, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದಳು. ಹೀಗೇಕೆ ಎಂದು ಅವನು ಕೇಳಿದನು.

“ನೀರು ಸಾಲದಪ್ಪ. ನಾನು ಬಾವಿ ಮುಟ್ಟೋ ಹೊತ್ತಿಗೆ ನಿನ್ನ ಎತ್ತುಗಳು ನೊಗ ಇಳಿಸಿ ಹೋಗಿರ್ತಾವೆ. ಪಾಪ, ಅವೂ ದಣಿದಿರ್ತಾವಲ್ಲ ಅಂತ ವಾಪಸ್ ಬರ್ತೀನಿ. ಅವರಿವರ ಮನೇಲಿ ಒಂದು ಚೆಂಬು ಕೇಳಿ ತಗೊಂಡ್ರೆ ಆಯ್ತು.”

ಅವನು ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟನು. ಇದನ್ನೇಕೆ ಕಟ್ಟೆಯ ಮೇಲೆಯೇ ಬಿಡುತ್ತೀ ಎಂದು ಕೇಳಿದನು. ತುಂಬಿದ ಕೊಡ ಹೊರುವ ತ್ರಾಣ ತನಗಿಲ್ಲ, ಕೊಡದಲ್ಲಿ ಹಿಡಿದ ನೀರನ್ನು ಎರಡು ಚೆಂಬಿಗೆ ಬಗ್ಗಿಸಿಕೊಂಡು ಕೊಡವನ್ನು ಅಲ್ಲೇ ಇಟ್ಟು ಬರುವುದು ರೂಢಿಯಾಯಿತು ಎಂದಳು. ಅದರಿಂದ ಎತ್ತುಗಳಿಗೆ ಬಿಡುವಿಲ್ಲದಂತಾಗಿತ್ತು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಕೇಳಿ ತುಂಬ ನೊಂದುಕೊಂಡಳು.

ನೀರು ತೆಗೆದುಕೊಂಡ ಮೇಲೆ ಕೊಡವನ್ನು ಬೋರಲು ಹಾಕಿ ಬಾ ಅಜ್ಜಿ, ನನಗೆ ಅಷ್ಟೇ ಸಾಕು ಎಂದು ಅವನು ಹೇಳಿದನು. ಅವಳು ಕೂಸನ್ನು ಅದರ ತಾಯಿಗೆ ಒಪ್ಪಿಸಿದ ಮೇಲೆ, ಅವಳ ಬಾಗಿಲಿನಿಂದ ಬಾವಿಯವರೆಗೆ ಅವಳ ಜೊತೆಯಲ್ಲೇ, ಅವಳು ನಿಂತಲ್ಲಿ ನಿಂತು, ನಡೆದನು. ನಡೆಯುತ್ತಾ ಎಲೆ ಅಡಿಕೆ ಜಗಿದನು. ಮೂರು ಸಲ ಜಗಿಯುವಷ್ಟು ಹೊತ್ತಾಯಿತು.

ಮರುದಿನದಿಂದ ಅವನು ಕೊನೆಯ ಕೊಡ ಹೋದ ಮೇಲೆ ಎತ್ತುಗಳನ್ನು ಕೂಡಲೇ ಕೆರೆಗೆ ಅಟ್ಟಲಿಲ್ಲ. ಹಗ್ಗ ಸಡಿಲಿಸಿ, ನೊಗ ಹೆಗಲ ಮೇಲಿದ್ದಂತೆಯೇ ನೆರಳಿನಲ್ಲಿ ನಿಲ್ಲಿಸಿದನು. ಮೂರು ಸಲ ಎಲೆ ಜಗಿದನು. ಓಣಿಯ ತುದಿಯವರೆಗೂ ಕಣ್ಣು ಹಾಯಿಸಿದನು. ಆಮೇಲೆಯೇ ನೊಗ ಇಳಿಸಿದನು. ಎತ್ತುಗಳು ಬಡವಾಗಲಿಲ್ಲ. ಊರಿನ ಕೂಸುಗಳಿಗೆ ಎರೆಯುವ ನೀರಿಗೂ ಕೊರತೆಯಾಗಲಿಲ್ಲ.

ಮೇಷ್ಟ್ರು ಇಷ್ಟು ಹೇಳಿ ಉಳಿದ ಮಜ್ಜಿಗೆ ಕುಡಿದರು. ನಾಗವೇಣಿ ತಾನು ತಂದು ಮೇಜಿನ ಮೇಲಿಟ್ಟಿದ್ದ ಉಷ್ಣಮಾಪಕವನ್ನು ಕೈಗೆತ್ತಿಕೊಂಡಳು. ಕಡಲೆಬೇಳೆಯಷ್ಟು ಚಿಕ್ಕದು. ಅದರ ಮೇಲೆ ಇಷ್ಟು ದಿನ ಸಿಟ್ಟು ಮಾಡಿಕೊಂಡೆನಲ್ಲ ಎಂದುಕೊಂಡಳು. ಕೆಲಸ ಮುಗಿದಾಗ ಅದರ ಕೈಯನ್ನು ತನ್ನ ಡ್ರೈವರೇ ಇಳಿಸಬೇಕು, ಅಷ್ಟು ತಿಳಿಯಿತು. ಆದರೆ ಎಷ್ಟು ಹೊತ್ತು ಕಾಯಬೇಕು ಎನ್ನುವುದನ್ನು ಮೇಷ್ಟ್ರು ಹೇಳಲಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದಳು.

ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟರು.

“ಎರಡು ಮಿಲಿಸೆಕೆಂಡು ಅಂತ ಬರೆದೆಯಲ್ಲ ತಾಯಿ, ಅದನ್ನು ಅಳೆಯುವಾಗ ಯಾರ ಜೊತೆ ನಡೆದಿದ್ದೆ?”