ಅಪ್ಪನ ರೆಕ್ಕೆಯೊಳಗಿನ ಕೆರೆ

ಮಕ್ಕಳೇ, ಈ ಕತೆಯ ಒಂದೊಂದು ಅಕ್ಷರವೂ ಸತ್ಯ. ಬೇಕಾದರೆ ನನ್ನ ಮೀಸೆಯ ಮೇಲೆ ಆಣೆ ಇಡುತ್ತೇನೆ, ಅದೂ ಎರಡೂ ಕಡೆಯ ಮೀಸೆಯ ಮೇಲೆ. ನಿಮ್ಮ ಈ ಮಾವ ಮೂರು ತಿಂಗಳು ಕೆರೆಯ ಏರಿಯ ಮೇಲೆ ಕೂತು ಕಣ್ಣಾರೆ ಕಂಡ ಸಂಗತಿ ಇದು. ಹಕ್ಕಿಗಳ ಮಾತು ನನಗೆ ಹೇಗೆ ತಿಳಿಯಿತು ಅಂತ ಕೇಳಬೇಡಿ. ಹನ್ನೆರಡು ಹಕ್ಕಿಗಳ ಭಾಷೆ ನನಗೆ ಸಲೀಸು. ಬಾತುಕೋಳಿಗಳಂತೂ ತಮ್ಮ ಭಾಷೆಯಲ್ಲಿ ಅನುಮಾನ ಬಂದರೆ ನನ್ನನ್ನೇ ಕೇಳಿಕೊಂಡು ಹೋಗುತ್ತಿದ್ದವು.

ಕಾಡಿನ ಅಂಚಿನಲ್ಲಿ ಬೋಳುಗಲ್ಲು ಕೆರೆ ಅಂತ ಒಂದು ಕೆರೆ. ಅದರ ನಟ್ಟನಡುವೆ ಒಂದು ಬಂಡೆ. ನೆತ್ತಿ ಮಾತ್ರ ನೀರಿನ ಮೇಲೆ, ಬೋಳಾಗಿ, ನುಣ್ಣಗೆ. ದಡದ ಸುತ್ತ ಆಳೆತ್ತರದ ಜೊಂಡು. ಆ ಜೊಂಡಿನ ನಡುವೆ ತೇಲುವ ಗೂಡು ಕಟ್ಟಿಕೊಂಡು ಗುಳುಮುಳುಕಗಳ ಒಂದು ಸಂಸಾರ ವಾಸವಾಗಿತ್ತು. ಗುಳುಮುಳುಕ ಗೊತ್ತಲ್ಲ? ಮುಷ್ಟಿಯಷ್ಟು ದಪ್ಪದ, ಬಾಲವೇ ಇಲ್ಲದ ನೀರುಹಕ್ಕಿ. ಇಗೋ ಇಲ್ಲಿದೆ ಅನ್ನುವಷ್ಟರಲ್ಲಿ ಗುಳುಕ್ ಅಂತ ಮುಳುಗಿ ಇನ್ನೆಲ್ಲೋ ಏಳುತ್ತದೆ.

ಅಪ್ಪನ ಹೆಸರು ದುಂಡಪ್ಪ. ಆ ಕೆರೆಯಲ್ಲಿ ಅವನಷ್ಟು ಚೆನ್ನಾಗಿ ಮುಳುಗುವವರು ಯಾರೂ ಇರಲಿಲ್ಲ. ಅದನ್ನು ಅವನಷ್ಟು ಸಲ ಹೇಳುವವರೂ ಇರಲಿಲ್ಲ. ಮಗಳು ಗೀರವ್ವ. ಮುಖದ ತುಂಬ ಕಪ್ಪು ಬಿಳಿ ಗೀರುಗಳು, ಅದಕ್ಕೇ ಆ ಹೆಸರು. ಅವ್ವ ಗೂಡಿನಲ್ಲಿ ಮುಂದಿನ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು. ಹಾಗಾಗಿ ಗೀರವ್ವನನ್ನು ಶಾಲೆಗೆ ಬಿಟ್ಟು ಬರುವುದು, ಹೋಂವರ್ಕ್ ನೋಡುವುದು, ಎಲ್ಲ ದುಂಡಪ್ಪನ ಪಾಲಿಗೆ.

ಶಾಲೆ ಇದ್ದದ್ದು ಬಂಡೆಯ ನೆತ್ತಿಯ ಮೇಲೆ. ಟೀಚರ್, ನೀರುಕಾಗೆ ಹೊನ್ನಮ್ಮ. ಹೆಸರು ಹೊನ್ನಮ್ಮ, ಬಣ್ಣ ಇದ್ದಿಲು. ಒದ್ದೆ ರೆಕ್ಕೆಗಳನ್ನು ಅಗಲಿಸಿ ಬಿಸಿಲಿಗೆ ಒಣಗಿಸುತ್ತಲೇ ಪಾಠ ಹೇಳುವುದು ಅವರ ರೂಢಿ.

"ನೋಡಿ ಮಕ್ಕಳೇ, ಬೇಸಿಗೆ ಬಂದರೆ ಈ ಜೊಂಡೆಲ್ಲ ಒಣಗುತ್ತೆ. ಆಗ ಗಿಡುಗ ಬಂದರೆ ಅಡಗೋಕೆ ನೀರಿನ ಮೇಲೆ ಜಾಗ ಇರಲ್ಲ. ನೀರಿನೊಳಗೇ ಅಡಗಬೇಕು. ಅಷ್ಟರೊಳಗೆ ಪ್ರತಿಯೊಬ್ಬರೂ ಒಬ್ಬರೇ ಮುಳುಗಿ ಈ ಬಂಡೆಯ ಬುಡ ಮುಟ್ಟಿ ಬರೋದನ್ನ ಕಲೀಬೇಕು. ದಿನಾ ಹೋಂವರ್ಕ್ ಇಷ್ಟೇ: ಮುಳುಗಿ, ಏನು ಕಂಡಿರಿ ಅಂತ ನಾಳೆ ಬಂದು ಹೇಳಿ."

ದುಂಡಪ್ಪ ಇದನ್ನು ಕೇಳಿ ನಕ್ಕ. "ಇದೂ ಒಂದು ಹೋಂವರ್ಕಾ? ಬಾ ಮಗಳೇ!"

ಗುಳುಮುಳುಕಗಳಲ್ಲಿ ಒಂದು ಪದ್ಧತಿ ಇದೆ. ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗುತ್ತವೆ. ಅಪಾಯ ಬಂದರೆ ಮರಿಯನ್ನು ರೆಕ್ಕೆಯೊಳಗೆ ಅವಚಿಕೊಂಡೇ ಮುಳುಗುತ್ತವೆ. ದುಂಡಪ್ಪ ಮಾಡಿದ್ದೂ ಅದನ್ನೇ. ಗೀರವ್ವನನ್ನು ಕಂಕುಳಲ್ಲಿ ಇಟ್ಟುಕೊಂಡ, ಗುಳುಕ್ ಅಂತ ಮುಳುಗಿದ, ಬಂಡೆಯ ಬುಡ ಮುಟ್ಟಿದ, ಮೇಲೆ ಬಂದ.

"ನೋಡಿದ್ಯಾ? ನೀನು ಮುಳುಗಿಬಿಟ್ಟೆ!"

"ಹೌದಾ ಅಪ್ಪಾ? ನಾನೇನಾ?"

"ಮತ್ತೆ? ದುಂಡಪ್ಪನ ಮಗಳು ಅಂದರೆ ಸುಮ್ಮನೇನಾ!"

ಹೀಗೆ ದಿನವೂ ನಡೆಯಿತು. ಪಕ್ಕದ ಗೂಡಿನ ನಾಮದಕೋಳಿ ಸಿಂಗಾರವ್ವ ಒಂದು ದಿನ ಹಣೆಯ ಬಿಳಿ ನಾಮ ಸರಿಮಾಡಿಕೊಳ್ಳುತ್ತ ಕೇಳಿದಳು, "ಏನ್ ದುಂಡಪ್ಪಣ್ಣ, ಶಾಲೆಗೆ ಸೇರಿದ್ದು ಮಗಳೋ, ನೀವೋ?"

"ನಿಮ್ಮ ಮಗ ಇನ್ನೂ ಮೂಗು ಅದ್ದೋಕೆ ಹೆದರ್ತಾನಂತಲ್ಲ, ಮೊದಲು ಅದನ್ನ ನೋಡಿಕೊಳ್ಳಿ," ಅಂದ ದುಂಡಪ್ಪ.

ಮರುದಿನ ಶಾಲೆಯಲ್ಲಿ ಹೊನ್ನಮ್ಮ ಟೀಚರ್ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. "ಗೀರವ್ವ, ನೀನು ಏನು ಕಂಡೆ?"

"ಕಲ್ಲು, ಕೆಸರು, ಎರಡು ಮೀನು, ಟೀಚರ್!" ಅಂದ ದುಂಡಪ್ಪ ಹಿಂದಿನಿಂದ.

"ನಾನು ಮಗುವನ್ನ ಕೇಳಿದೆ, ದುಂಡಪ್ಪನವರೇ."

ಗೀರವ್ವ ಸ್ವಲ್ಪ ಯೋಚಿಸಿ ಹೇಳಿದಳು, "ಕೆರೆಯ ತಳ ಪೂರ್ತಿ ಕತ್ತಲು, ಟೀಚರ್. ಬೆಚ್ಚಗಿರುತ್ತೆ. ಡುಬ್ ಡುಬ್ ಅಂತ ಸದ್ದು ಬರುತ್ತೆ."

ಮರಿಗಳೆಲ್ಲ ಕಿಸಕ್ಕನೆ ನಕ್ಕವು. ಹೊನ್ನಮ್ಮ ಟೀಚರ್ ನಗಲಿಲ್ಲ. ಶಾಲೆ ಬಿಟ್ಟ ಮೇಲೆ ದುಂಡಪ್ಪನನ್ನು ಪಕ್ಕಕ್ಕೆ ಕರೆದರು.

"ನಿಮ್ಮ ಮಗಳು ಕೆರೆಯ ತಳಕ್ಕೆ ಹೋಗಿಲ್ಲ. ನಿಮ್ಮ ಕಂಕುಳಿಗೆ ಹೋಗಿ ಬಂದಿದ್ದಾಳೆ. ಆ ಡುಬ್ ಡುಬ್ ನಿಮ್ಮ ಎದೆಯದು."

ದುಂಡಪ್ಪ ಗರಿ ಕೊಡವಿದ. "ನನ್ನ ಮಗಳು ನೀರಿಗೆ ಇಳಿದಷ್ಟು ಸಲ ಈ ಶಾಲೆಯಲ್ಲಿ ಇನ್ಯಾರೂ ಇಳಿದಿಲ್ಲ, ಟೀಚರ್!" ಅಂತ ಹೇಳಿ ಹೊರಟೇ ಹೋದ.

ಬೇಸಿಗೆ ಬಂತು. ಜೊಂಡು ಒಣಗಿ, ಮುರಿದು, ಮಲಗಿತು. ಒಂದು ಮಧ್ಯಾಹ್ನ ದುಂಡಪ್ಪ ಮೀನಿಗೆಂದು ಸ್ವಲ್ಪ ದೂರ ಹೋಗಿದ್ದ. ಗೀರವ್ವ ಒಬ್ಬಳೇ ತೇಲುತ್ತಿದ್ದಳು. ನೀರಿನ ಮೇಲೆ ಒಂದು ನೆರಳು ಹಾಯಿತು.

"ಗಿಡುಗ! ಗಿಡುಗ! ಮುಳುಗ್ರೋ!" ಅಂತ ಸಿಂಗಾರವ್ವ ಕಿರುಚಿದಳು.

ಮರಿಗಳೆಲ್ಲ ಮುಳುಗಿದವು. ಗೀರವ್ವನಿಗೆ ಹೆದರಿಕೆಯೇ ಆಗಲಿಲ್ಲ. ಅವಳಿಗೆ ಮುಳುಗಲು ಬರುತ್ತದಲ್ಲ! ಅವಳು ದಿನಾ ಮಾಡುವಂತೆಯೇ ಮಾಡಿದಳು. ಕಣ್ಣು ಮುಚ್ಚಿದಳು, ತಲೆ ಒಳಗೆ ತೂರಿಸಿದಳು, ಕತ್ತಲಾಗಲಿ ಅಂತ ಕಾದಳು. ತಲೆ ನೀರಿನಲ್ಲಿ, ಉಳಿದ ಮೈಯೆಲ್ಲ ಬಿಸಿಲಿನಲ್ಲಿ, ತಟ್ಟೆಯಲ್ಲಿಟ್ಟ ಕಜ್ಜಾಯದ ಹಾಗೆ.

ಗಿಡುಗ ಎರಗಿತು. ದುಂಡಪ್ಪ ಅಷ್ಟು ದೂರದಿಂದ ನೀರಿನೊಳಗೇ ಬಂದ ವೇಗ ಇದೆಯಲ್ಲ, ಅದಕ್ಕೆ ದಾರಿಯಲ್ಲಿದ್ದ ಮೀನುಗಳಿಗೆ ತಲೆ ತಿರುಗಿ ಅವು ಮೂರು ದಿನ ಹಿಂದಕ್ಕೆ ಈಜಿದವು. ಮಗಳ ಕಾಲು ಕಚ್ಚಿ ಒಳಗೆ ಎಳೆದುಕೊಂಡ. ಗಿಡುಗನ ಉಗುರಿಗೆ ಸಿಕ್ಕಿದ್ದು ಮೂರೇ ಮೂರು ಪುಕ್ಕ.

ಗೂಡಿನ ಹತ್ತಿರ ತೇಲಿದ ಮೇಲೆ ಗೀರವ್ವ ಕೇಳಿದಳು, "ಅಪ್ಪಾ, ನಾನು ಸರಿಯಾಗೇ ಮುಳುಗಿದ್ದೆ. ಯಾಕೆ ಕತ್ತಲಾಗಲೇ ಇಲ್ಲ?"

ಕೆರೆಯಲ್ಲೆಲ್ಲ ದೊಡ್ಡ ಬಾಯಿಯ ದುಂಡಪ್ಪ, ಆ ಮೂರು ಪುಕ್ಕ ಕಿತ್ತ ಜಾಗವನ್ನು ಕೊಕ್ಕಿನಿಂದ ಮೆಲ್ಲಗೆ ಸವರಿದ.

ಮರುದಿನ ಬೆಳಿಗ್ಗೆ ಅವನು ಟೀಚರ ಮುಂದೆ ನಿಂತಿದ್ದ. "ನಾನೇನು ಮಾಡಬೇಕು ಹೇಳಿ, ಟೀಚರ್."

"ಮೇಲೆ ಇರಿ. ಅವಳು ಏಳುವಾಗ ನೀವು ಎಲ್ಲಿರ್ತೀರಿ ಅಂತ ಅವಳಿಗೆ ಗೊತ್ತಿರಬೇಕು. ಎದ್ದ ಮೇಲೆ ಏನು ಕಂಡೆ ಅಂತ ಕೇಳಿ. ಉತ್ತರ ಮಾತ್ರ ನೀವು ಹೇಳಬೇಡಿ."

"ಅಷ್ಟೇನಾ?"

"ಅಷ್ಟೇ. ಮುಳುಗೋದಕ್ಕಿಂತ ಅದು ನಿಮಗೆ ಕಷ್ಟ."

ಕಷ್ಟವೇ ಆಯಿತು. ಮೊದಲ ದಿನ ಗೀರವ್ವ ಕೊಕ್ಕು ಅದ್ದಿ ಅತ್ತಳು. ಎರಡನೆಯ ದಿನ ಮೂಗಿಗೆ ನೀರು ಹೋಗಿ ಇನ್ನೂ ಜೋರಾಗಿ ಅತ್ತಳು. ದುಂಡಪ್ಪನ ರೆಕ್ಕೆ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. "ಮುಚ್ಚಿರೀ ಅದನ್ನ!" ಅಂತ ಹೆಂಡತಿ ಗೂಡಿನಿಂದ ಗದರುತ್ತಿದ್ದಳು. ಅವನು ಮುಚ್ಚಿಕೊಂಡು ಮಗಳ ಪಕ್ಕದಲ್ಲೇ ಕೂತಿರುತ್ತಿದ್ದ. ನಿನ್ನೆಗಿಂತ ಇವತ್ತು ಒಂದು ಚೂರು ಹೆಚ್ಚು ಹೊತ್ತು ಇದ್ದೆಯಲ್ಲ ಅನ್ನುತ್ತಿದ್ದ. ಹೀಗೇ ಹದಿನೈದು ದಿನ.

ಹದಿನಾರನೆಯ ದಿನ ಗೀರವ್ವ ಬಂಡೆಯ ಪಕ್ಕ ನಿಂತು, "ಅಪ್ಪಾ, ಇಲ್ಲೇ ಇರ್ತೀಯಲ್ಲ?" ಅಂದಳು.

"ಇಲ್ಲೇ ಇರ್ತೀನಿ."

ಗುಳುಕ್! ಗೀರವ್ವ ಮುಳುಗಿದಳು. ನೀರಿನ ಮೇಲೆ ಒಂದು ಸಣ್ಣ ಉಂಗುರ ಎದ್ದು, ದೊಡ್ಡದಾಗಿ, ಅಳಿಸಿಹೋಯಿತು.

ದುಂಡಪ್ಪ ಎಣಿಸತೊಡಗಿದ. ಅಯ್ಯೋ ಮಕ್ಕಳೇ, ಆ ಹೊತ್ತನ್ನು ನಾನು ಹೇಗೆ ಹೇಳಲಿ! ಹತ್ತು ಸಾವಿರ ಸಲ ಮುಳುಗಿದ ಹಕ್ಕಿ ನೀರಿನ ಮೇಲೆ ಕೂತು ಉಸಿರು ಕಟ್ಟಿಕೊಂಡಿತ್ತು. ಸಿಂಗಾರವ್ವ ಬಾಯಲ್ಲಿದ್ದ ಎಲೆ ನುಂಗಲು ಮರೆತಳು. ಕಪ್ಪೆಗಳು ಸುಮ್ಮನಾದವು. ಏರಿಯ ಮೇಲೆ ನನಗೂ ಉಸಿರಾಡುವುದು ತಪ್ಪು ಅನ್ನಿಸಿತು. ಮೂವತ್ತು... ಮೂವತ್ತೈದು... ನಲವತ್ತು...

ನಲವತ್ತೊಂದಕ್ಕೆ ನೀರು ಸೀಳಿ ಒಂದು ಗೀರುಗೀರಿನ ಮುಖ ಎದ್ದಿತು.

"ಅಪ್ಪಾ! ಆನೆ!"

ಆನೆಯಂತೆ! ಆ ತಳವನ್ನು ದುಂಡಪ್ಪ ಹುಟ್ಟಿದಾಗಿನಿಂದ ಕಂಡವನು. ಅಲ್ಲಿ ಕಲ್ಲು, ಕೆಸರು, ಎರಡು ಮೀನು. "ಇಲ್ಲ ಕಣೇ" ಅನ್ನಲು ಕೊಕ್ಕು ತೆರೆದ. ಟೀಚರ ಮಾತು ನೆನಪಾಯಿತು. ತನ್ನ ಮಾತನ್ನು ಮುಳ್ಳುಮೀನಿನ ಹಾಗೆ ಕಷ್ಟಪಟ್ಟು ನುಂಗಿಕೊಂಡ.

"ಆಮೇಲೆ?" ಅಂದ.

"ಈ ಬಂಡೆ ಇದೆಯಲ್ಲ, ಇದು ಆನೆಯ ನೆತ್ತಿ! ಕೆಳಗೆ ಸೊಂಡಿಲಿದೆ. ಎಷ್ಟು ದೊಡ್ಡ ಕಿವಿ!"

"ಆಮೇಲೆ?"

"ಕೊರಳಲ್ಲಿ ಗಂಟೆಸರ. ಗಂಟೆಗಂಟೆಯಲ್ಲೂ ಒಂದೊಂದು ಮೀನುಮರಿ ಮನೆ ಮಾಡಿಕೊಂಡಿದೆ, ಅಪ್ಪಾ!"

ಹೊನ್ನಮ್ಮ ಟೀಚರ್ ರೆಕ್ಕೆ ಒಣಗಿಸುತ್ತ ಮೆಲ್ಲಗೆ ಹೇಳಿದರು, "ಪ್ರತಿ ವರ್ಷ ಯಾರಾದರೂ ಒಬ್ಬರು ಕಂಡುಹಿಡೀತಾರೆ. ನಾನಾಗಿ ಯಾರಿಗೂ ಹೇಳಲ್ಲ."

ಅಷ್ಟರಲ್ಲಿ ಆ ನೆರಳು ಮತ್ತೆ ನೀರಿನ ಮೇಲೆ ಹಾಯಿತು. ಗಿಡುಗ!

ದುಂಡಪ್ಪ ಥಟ್ಟನೆ ರೆಕ್ಕೆ ತೆರೆದ. "ಬಾ ಮಗಳೇ, ಬೇಗ!" ರೆಕ್ಕೆಯೊಳಗೆ ಯಾರೂ ಬರಲಿಲ್ಲ. ನೋಡಿದರೆ ಮಗಳು ಇದ್ದ ಜಾಗದಲ್ಲಿ ಒಂದು ಉಂಗುರ. ಇಡೀ ಕೆರೆಯ ಮೇಲೆ ಉಳಿದಿದ್ದವನು ಅವನೊಬ್ಬನೇ, ಖಾಲಿ ರೆಕ್ಕೆ ತೆರೆದುಕೊಂಡು, ಬಾಯಿ ಬಿಟ್ಟುಕೊಂಡು. ಗಿಡುಗ ಇನ್ನೇನು ಎರಗಬೇಕು, ಕೆಳಗಿನಿಂದ ಯಾರೋ ಅವನ ಕಾಲು ಹಿಡಿದು ಎಳೆದರು.

ಗಿಡುಗನ ಉಗುರಿಗೆ ಈ ಸಲ ಒಂದು ಪುಕ್ಕವೂ ಸಿಗಲಿಲ್ಲ.

ಕೆಳಗೆ ಗೀರವ್ವ ಮುಂದೆ, ದುಂಡಪ್ಪ ಹಿಂದೆ. ಮೀನಿನ ಹಿಂದೆ ಓಡದೆ, ಆತುರವಿಲ್ಲದೆ, ಕಣ್ಣು ಅಗಲಿಸಿ ಅವನು ಆ ತಳವನ್ನು ನೋಡಿದ್ದು ಅದೇ ಮೊದಲು. ಬಿಸಿಲು ನೀರಿನೊಳಗೆ ಕೋಲುಕೋಲಾಗಿ ಇಳಿದಿತ್ತು. ಆ ಬೆಳಕಿನಲ್ಲಿ ಕಲ್ಲಾನೆ ನಿಂತಿತ್ತು, ಉಸಿರಾಡುತ್ತಿದೆಯೇನೋ ಅನ್ನುವ ಹಾಗೆ. ಗಂಟೆಗಳಿಂದ ಮೀನುಮರಿಗಳು ಇಣುಕುತ್ತಿದ್ದವು. ಆನೆಯ ಕಿವಿಯ ಮುಂದೆ ಅವನ ಮಗಳು ಕಡಲೆಯಷ್ಟು ಕಾಲು ಬಡಿಯುತ್ತ, 'ನೋಡು' ಅಂತ ತಿರುಗಿ ನೋಡಿದಳು. ಎರಡರಲ್ಲಿ ಯಾವುದು ದೊಡ್ಡ ಅದ್ಭುತ ಅಂತ ದುಂಡಪ್ಪನಿಗೆ ಇವತ್ತಿಗೂ ತೀರ್ಮಾನ ಮಾಡಲು ಆಗಿಲ್ಲ.

ಇಷ್ಟು ಕತೆ. ಮೀಸೆಯ ಮೇಲೆ ಆಣೆ ಇಟ್ಟವನು ಕೊನೆಯಲ್ಲಿ ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕು. ಆನೆ ನಿಜ, ಗಂಟೆ ನಿಜ, ಹಿಂದಕ್ಕೆ ಈಜಿದ ಮೀನುಗಳೂ ನಿಜ. ದುಂಡಪ್ಪ ನಲವತ್ತೊಂದರವರೆಗೆ ಎಣಿಸಿದ ಅಂದೆನಲ್ಲ, ಅದೊಂದು ಮಾತ್ರ ನಾನು ಕಟ್ಟಿದ್ದು. ಶಾಲೆಗೇ ಹೋಗದ ಹಕ್ಕಿ, ಪಾಪ. ಅವನಿಗೆ ಬರುವುದು ಒಂಬತ್ತರವರೆಗೆ. ಒಂಬತ್ತಾದ ಮೇಲೆ ಮತ್ತೆ ಒಂದರಿಂದ ಶುರು ಮಾಡುತ್ತ ಕೂತಿದ್ದ. ನಲವತ್ತೊಂದು ಎಣಿಸಿದವನು ಏರಿಯ ಮೇಲಿದ್ದ ನಾನು. ಈಗ ಸಂಜೆ ಹೊತ್ತು ಗೀರವ್ವ ಅವನಿಗೆ ಲೆಕ್ಕ ಹೇಳಿಕೊಡುತ್ತಾಳೆ.

"ಹತ್ತು," ಅನ್ನುತ್ತಾಳೆ ಅವಳು.

"ಆಮೇಲೆ?" ಅನ್ನುತ್ತಾನೆ ಅವನು.

ನೀತಿ (ಇದು ದೊಡ್ಡವರಿಗೆ; ಮಕ್ಕಳೇ, ನೀವೇ ಅವರಿಗೆ ಓದಿ ಹೇಳಿ): ಮಕ್ಕಳ ಬದಲು ನೀವು ಮುಳುಗಬೇಡಿ, ಅವರು ಮೇಲೆ ಬರುವಾಗ ಅಲ್ಲೇ ಇರಿ, ಕಂಡದ್ದನ್ನು ಕೇಳಿಸಿಕೊಳ್ಳಿ.