ಬಿತ್ತನೆ ಕಡಲೆಕಾಯಿಗೆ ಬಂದ ವಿಮಾನ

ಬನ್ನಿ ಮಕ್ಕಳೇ, ಗಲಾಟೆ ಮಾಡದೆ ಕೂತ್ಕೊಳ್ಳಿ. ದೂರದ ಆಫ್ರಿಕಾದಲ್ಲಿ, ಮರಳುಗಾಡು ಮುಗಿದು ಹಸಿರು ಶುರುವಾಗೋ ಕಡೆ, ಜೊಲೂಬ ಅಂತ ಒಂದು ರಾಜ್ಯ ಇತ್ತು. ಸಂಬೂ ಅನ್ನೋನು ಅದರ ರಾಜ. ರಾಜನ ಕಥೇಲಿ ವಿಮಾನ ಎಲ್ಲಿಂದ ಬಂತು ಅಂತ ಅಡ್ಡಬಾಯಿ ಹಾಕಬೇಡಿ. ನನ್ನ ಕಥೇಲಿ ಎರಡೂ ಇವೆ.

ಎಷ್ಟು ವಿಮಾನ? ಮೂರೇ ಮೂರು. ಎಲ್ಲಾ ಹಳೇವು. ಆದರೆ ಎಂಥಾ ಗಟ್ಟಿಮುಟ್ಟು ಅಂತೀರಿ! ಮಿಡತೆ ದಂಡು ಬಂದರೆ ಹಾರಿ ಹೋಗಿ ಮದ್ದು ಹೊಡೀತಿದ್ದವು. ಹೊಳೆ ಉಕ್ಕಿದರೆ ಔಷಧಿ ಹೊತ್ತೊಯ್ತಿದ್ದವು. ಗಡೀಲಿ ದರೋಡೆಕೋರರು ತಲೆ ಎತ್ತಿದರೆ ಅಟ್ಟಿಸಿಕೊಂಡು ಹೋಗ್ತಿದ್ದವು.

ಇವಕ್ಕೆ ಎಣ್ಣೆ, ಬಿಡಿಭಾಗ ಎಲ್ಲಾ ಎಲ್ಲಿಂದ? ಕಡಲೆಕಾಯಿಂದ ಕಣ್ರೋ! ಸುಗ್ಗೀಲಿ ಮನೆಗೊಂದು ಮೂಟೆ ರೈತರು ಖುಷಿಯಾಗಿ ಕೊಡೋರು. ಅದು ಹಡಗು ಹತ್ತಿ ಪರದೇಶದಲ್ಲಿ ಮಾರಾಟವಾದರೆ ವಿಮಾನದ ಹೊಟ್ಟೆ ತುಂಬೋದು. ರಿಪೇರಿ ನೋಡ್ಕೊಳ್ಳೋಳು ತಾಬಾರ, ಕಡಲೆಕಾಯಿ ಬೆಳೆಯೋನ ಮಗಳು. ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳೋ ಜಾಣೆ.

ಒಂದು ದಿನ ಮಂತ್ರಿ ಬಾಕಾರಿ ಒಬ್ಬ ಪರದೇಶಿ ವ್ಯಾಪಾರಿಯನ್ನ ಕರ್ಕೊಂಡು ಬಂದ. ಹಿಂದೆಯೇ ಲಾರಿಗಳ ಮೇಲೆ ಮೂರು ವಿಮಾನ, ಫಳಫಳ ಅಂತ.

"ದೊರೆಯೇ, ಪಕ್ಕದ ರಾಜ್ಯ ನಮ್ಮ ಡಕೋಟಾಗಳನ್ನ ನೋಡಿ ನಗ್ತಾ ಇದೆ. ಇವನ್ನ ತಗೊಳ್ಳಿ. ರೈತರು ಕಣಜದಲ್ಲಿ ಇಟ್ಟಿರೋ ಬಿತ್ತನೆ ಕಡಲೆಕಾಯಿ ಕೊಟ್ಟರೆ ಸಾಕು," ಅಂದ ಬಾಕಾರಿ.

ರಾಜ ಹಿರಿಹಿರಿ ಹಿಗ್ಗಿದ. ಮೂಟೆ ಹೊರಗೆ ತನ್ನಿ ಅಂತ ಅಪ್ಪಣೆ ಮಾಡಿಬಿಟ್ಟ.

ಅಪ್ಪಣೆ ತಾಬಾರಳ ಕಿವಿಗೂ ಬಿತ್ತು. ಬಿತ್ತನೆಯೇ ಹೋದರೆ ಮಳೆ ಬಂದಾಗ ಬಿತ್ತೋದೇನು? ಅಪ್ಪ, ಅಮ್ಮ, ಊರಿಗೆ ಊರೇ ಉಪವಾಸ. ಹೊಸ ವಿಮಾನದ ಮೈ ಉಗುರಲ್ಲಿ ಕೆರೆದು ನೋಡಿದಳು. ಬಣ್ಣದ ಕೆಳಗೆ ಬಣ್ಣ, ಅದರ ಕೆಳಗೆ ತುಕ್ಕು. ಅಯ್ಯೋ ದೇವರೇ! ಆದರೆ ಮಂತ್ರಿಯ ಮಾತಿನ ಮುಂದೆ ರಿಪೇರಿಯವಳ ಮಾತು ಯಾರು ಕೇಳ್ತಾರೆ?

ಅವಳು ಕೈ ಒರೆಸಿಕೊಂಡು ಮುಂದೆ ಬಂದಳು.

"ದೊರೆಯೇ, ನಮ್ಮಲ್ಲೊಂದು ರೂಢಿ ಇದೆ. ವಿಮಾನ ಸರಿ ಇದೆ ಅಂತ ಹೇಳಿದೋರು ಮೊದಲ ಹಾರಾಟದಲ್ಲಿ ಒಳಗೆ ಕೂರಬೇಕು. ಪ್ರತಿ ರಿಪೇರಿ ಆದಮೇಲೂ ನಾನು ಕೂತಿದ್ದೀನಿ. ಇವತ್ತು ಸರಿ ಇದೆ ಅಂದೋರು ಕೂರಲಿ."

ರಾಜನಿಗೆ ಮಾತು ಹಿಡಿಸಿತು. ಮೊದಲನೇ ವಿಮಾನ ತೋರಿಸಿ, "ವ್ಯಾಪಾರಿಗಳೇ, ಹತ್ತಿ," ಅಂದ.

"ನನಗೆ ತಲೆಸುತ್ತು ಸ್ವಾಮಿ," ಅಂದ ವ್ಯಾಪಾರಿ.

ಎರಡನೇದು ತೋರಿಸಿ, "ಬಾಕಾರಿ, ನೀನು ಹತ್ತು," ಅಂದ.

"ಮಂಡಿನೋವು ದೊರೆಯೇ, ಏಣಿ ಹತ್ತೋಕಾಗಲ್ಲ," ಅಂದ ಬಾಕಾರಿ.

ತಾಬಾರ ಮೂರನೇದರ ಹತ್ತಿರ ಹೋಗಿ ನಿಂತಳು. "ಪಾಪ, ಮಂತ್ರಿಗಳನ್ನ ನಾವೇ ಎತ್ತಿ ಕೂರಿಸ್ತೀವಿ. ಪಕ್ಕದಲ್ಲಿ ನಾನೂ ಕೂರ್ತೀನಿ. ಹೊಸಾ ವಿಮಾನ ತಾನೇ, ಹೆದರಿಕೆ ಯಾಕೆ?"

ನಾಲ್ಕು ಜನ ಎತ್ತಿದರು, ಒಳಗೆ ಕೂರಿಸಿದರು. ತಾಬಾರ ಪಕ್ಕದಲ್ಲಿ ಕೂತು ಕೀಲಿ ತಿರುಗಿಸಿದಳು. ಎಂಜಿನ್ ಖೊಳ್ ಖೊಳ್ ಅಂತ ಕೆಮ್ಮಿದ್ದೇ ತಡ, ಬಾಕಾರಿ ಕಿಟಾರನೆ ಕಿರುಚಿ ಕೆಳಗೆ ಧುಮುಕಿದ. ಮಂಡಿನೋವು ಎಲ್ಲಿ ಹೋಯ್ತೋ! ಓಡಿ ಬಂದು ರಾಜನ ಕಾಲು ಹಿಡ್ಕೊಂಡ.

"ತಪ್ಪಾಯ್ತು ದೊರೆಯೇ! ಎಲ್ಲಾ ಗುಜರಿ ಮಾಲು! ಅರ್ಧ ಕಡಲೆಕಾಯಿ ನನಗೆ ಅಂತ ಮಾತಾಗಿತ್ತು!"

ರಾಜನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ವ್ಯಾಪಾರಿಯನ್ನ ಅವನ ಗುಜರಿಯ ಜೊತೆಗೇ ಗಡಿ ದಾಟಿಸಿದರು. ಬಾಕಾರಿಯ ಮಂತ್ರಿಗಿರಿ ಹೋಯ್ತು. ಹೊಲದಲ್ಲಿ ಬಗ್ಗಿ ಕಡಲೆಕಾಯಿ ಬಿತ್ತೋ ಕೆಲಸ ಸಿಕ್ತು. ರಾಜ ತಾನೇ ಒಂದು ಮೂಟೆ ಹೆಗಲಿಗೆ ಹೊತ್ತು ಕಣಜಕ್ಕೆ ವಾಪಸ್ ಇಟ್ಟ. "ನಿನ್ನಿಂದ ರಾಜ್ಯ ಉಳೀತು ತಾಯಿ," ಅಂತ ತಾಬಾರಳಿಗೆ ಎಲ್ಲರೆದುರು ಕೈಮುಗಿದ.

ತಿಳ್ಕೊಳ್ಳಿ ಮಕ್ಕಳೇ: ವಿಮಾನ ಹಾರೋದು ಆಕಾಶದಲ್ಲಿ, ಹಾರಿಸೋದು ಹೊಲದಲ್ಲಿ ಬೆವರು ಸುರಿಸೋ ಜನ. ಆ ಜನರ ಬಿತ್ತನೆ ಮಾರಿ ಬಲ ಕೊಳ್ಳೋಕೆ ಹೋದ ರಾಜ್ಯಕ್ಕೆ ಬಲವೂ ಉಳಿಯಲ್ಲ, ಅನ್ನವೂ ಉಳಿಯಲ್ಲ.